ಬುಧನಿಗೆ 28, ಶುಕ್ರನಿಗೆ 47: ಒಳಗ್ರಹಗಳು ಸೂರ್ಯನ ಹತ್ತಿರವೇ ಏಕೆ ಕಾಣುತ್ತವೆ

ಹಲವು ಗ್ರಹಗಳು ಒಟ್ಟಿಗೆ ಕಾಣುತ್ತವೆ ಎನ್ನುವ 'ಗ್ರಹಗಳ ಮೆರವಣಿಗೆ' ಸಂದೇಶ ಈಗ ವರ್ಷಕ್ಕೊಮ್ಮೆಯಾದರೂ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತದೆ. 2025ರ ಫೆಬ್ರವರಿ ಕೊನೆಯಲ್ಲಿ ಬಂತು, 2026ರ ಫೆಬ್ರವರಿ ಕೊನೆಯಲ್ಲಿ ಮತ್ತೆ ಬಂತು. ಎರಡು ಸಲವೂ ಪಟ್ಟಿಯಲ್ಲಿ ಬುಧನ ಹೆಸರಿತ್ತು. ಊಟ ಮುಗಿಸಿ ಎಂಟೂವರೆಗೆ ತಾರಸಿ ಹತ್ತಿದವರಿಗೆ ಗುರು ಕಂಡ, ಬುಧ ಕಾಣಲಿಲ್ಲ. ಕಾಣುವ ಹಾಗೂ ಇರಲಿಲ್ಲ. ಅಷ್ಟು ಹೊತ್ತಿಗೆ ಅವನು ಮುಳುಗಿ ಮುಕ್ಕಾಲು ಗಂಟೆಯ ಮೇಲಾಗಿತ್ತು.

ಬುಧ ಕಾಣುತ್ತಾನೆ ಎಂದು ಹೇಳುವವರು ತಾರೀಖು ಕೊಟ್ಟರೆ ಸಾಲದು. ಸೂರ್ಯ ಮುಳುಗಿದ ಎಷ್ಟು ನಿಮಿಷಕ್ಕೆ, ದಿಗಂತದಿಂದ ಎಷ್ಟು ಎತ್ತರದಲ್ಲಿ, ಯಾವ ಊರಿನವರಿಗೆ ಎಂಬ ಮೂರನ್ನೂ ಹೇಳಬೇಕು. ಇವನ್ನೆಲ್ಲ ಗ್ರಹದ ಕಕ್ಷೆಯೇ ನಿರ್ಧರಿಸುತ್ತದೆ ಎಂದುಕೊಳ್ಳುವುದು ಸಹಜ, ಆದರೆ ಅದು ಅರ್ಧ ಸತ್ಯ. ಗ್ರಹ ಸೂರ್ಯನಿಂದ ಎಷ್ಟು ದೂರ ಸರಿಯಬಹುದು ಎಂಬ ಮಿತಿಯನ್ನಷ್ಟೇ ಕಕ್ಷೆ ಹಾಕುತ್ತದೆ. ಅದರಲ್ಲಿ ಎಷ್ಟು ಭಾಗ ನಮ್ಮ ಕಣ್ಣಿಗೆ ಎತ್ತರವಾಗಿ ಸಿಗುತ್ತದೆ ಎಂಬುದು ನಾವು ನಿಂತ ಜಾಗದ ಅಕ್ಷಾಂಶಕ್ಕೆ ಸೇರಿದ್ದು. ಈ ಎರಡನೆಯ ಲೆಕ್ಕದಲ್ಲಿ ಕರ್ನಾಟಕದವರ ಅದೃಷ್ಟ ದೊಡ್ಡದು.

ಮಿತಿ ಎಲ್ಲಿಂದ ಬಂತು

ಬುಧ ಮತ್ತು ಶುಕ್ರ ಸೂರ್ಯನನ್ನು ಸುತ್ತುವುದು ಭೂಮಿಯ ಕಕ್ಷೆಯ ಒಳಗೆ. ನಾವು ನೋಡುವುದು ಹೊರಗಿನಿಂದ. ಕಣದ ಹೊರಗೆ ನಿಂತು, ಮೇಟಿಗೆ ಕಟ್ಟಿ ತುಳಿಸುವ ಎತ್ತನ್ನು ನೋಡಿದ ಹಾಗೆ: ಎತ್ತು ಮೇಟಿಯ ಎಡಕ್ಕೆ ಸರಿಯುತ್ತದೆ, ಬಲಕ್ಕೆ ಸರಿಯುತ್ತದೆ, ಹಗ್ಗದ ಉದ್ದ ಮೀರಿ ಹೋಗುವುದಿಲ್ಲ. ನಡುರಾತ್ರಿ ನೆತ್ತಿಯ ಮೇಲೆ ಬುಧನೋ ಶುಕ್ರನೋ ಇಲ್ಲಿ ಎಂದಿಗೂ ಕಾಣದಿರುವುದು ಇದರಿಂದಲೇ.

ಎಷ್ಟು ಸರಿಯಬಹುದು ಎಂದು ಲೆಕ್ಕ ಹಾಕಲು ಎಸ್ಸೆಸ್ಸೆಲ್ಸಿ ಗಣಿತ ಸಾಕು. ಭೂಮಿಯಿಂದ ಗ್ರಹದ ಕಕ್ಷೆಗೆ ಒಂದು ಸ್ಪರ್ಶಕ ಎಳೆಯಿರಿ. ಸ್ಪರ್ಶಬಿಂದುವಿನಲ್ಲಿ ತ್ರಿಜ್ಯ ಮತ್ತು ಸ್ಪರ್ಶಕ ಪರಸ್ಪರ ಲಂಬ. ಸೂರ್ಯ, ಗ್ರಹ, ಭೂಮಿ ಸೇರಿ ಲಂಬಕೋನ ತ್ರಿಭುಜವಾಯಿತು. ಭೂಮಿಯಲ್ಲಿರುವ ಕೋನದ ಸೈನ್ ಎಂದರೆ ಸೂರ್ಯನಿಂದ ಗ್ರಹಕ್ಕಿರುವ ದೂರವನ್ನು ಸೂರ್ಯನಿಂದ ಭೂಮಿಗಿರುವ ದೂರದಿಂದ ಭಾಗಿಸಿದ್ದು. ಶುಕ್ರನಿಗೆ ಈ ಅನುಪಾತ 0.723, ಕೋನ 46 ಡಿಗ್ರಿ ಚಿಲ್ಲರೆ. ಶುಕ್ರನ ಕಕ್ಷೆ ಹೆಚ್ಚುಕಡಿಮೆ ವೃತ್ತವೇ ಆದ್ದರಿಂದ ಈ ಮಿತಿ ಸಲದಿಂದ ಸಲಕ್ಕೆ 45.4ರಿಂದ 47.3 ಡಿಗ್ರಿಯೊಳಗೆ ಮಾತ್ರ ಬದಲಾಗುತ್ತದೆ.

ಬುಧನ ಕಥೆ ಬೇರೆ. ಅವನ ಕಕ್ಷೆಯ ಉತ್ಕೇಂದ್ರತೆ, ಎಂದರೆ ವೃತ್ತದಿಂದ ಅದು ಎಷ್ಟು ದೂರ ಸರಿದಿದೆ ಎಂಬ ಅಳತೆ, 0.206; ಎಂಟು ಗ್ರಹಗಳಲ್ಲಿ ಇದೇ ಅತಿ ಹೆಚ್ಚು. ಸೂರ್ಯನಿಗೆ ತೀರ ಹತ್ತಿರ ಬಂದಾಗ ದೂರ 4.6 ಕೋಟಿ ಕಿಲೋಮೀಟರ್, ದೂರ ಹೋದಾಗ ಸುಮಾರು 7 ಕೋಟಿ. ಹಾಗಾಗಿ ಸ್ಪರ್ಶಕ ಮುಟ್ಟುವ ಹೊತ್ತಿಗೆ ಬುಧ ಕಕ್ಷೆಯ ಯಾವ ಭಾಗದಲ್ಲಿದ್ದಾನೆ ಎಂಬುದರ ಮೇಲೆ ಗರಿಷ್ಠ ಕೋನದೂರ 18 ಡಿಗ್ರಿಯೂ ಆಗಬಹುದು, 28 ಡಿಗ್ರಿಯೂ ಆಗಬಹುದು. 2026ರಲ್ಲೇ ಎರಡು ತುದಿಗಳೂ ಸಿಗುತ್ತವೆ: ಫೆಬ್ರವರಿ 19ರ ಸಂಜೆಯ ಗರಿಷ್ಠ ಕೋನದೂರ 18.1 ಡಿಗ್ರಿ, ಏಪ್ರಿಲ್ 3ರ ಬೆಳಗಿನದು 27.8 ಡಿಗ್ರಿ. ಖಗೋಳ ಸುದ್ದಿಗಳಲ್ಲಿ ಎಲಾಂಗೇಶನ್ ಎಂದು ಬರುವುದು ಈ ಕೋನದೂರವೇ.

ದೊಡ್ಡ ಕೋನ, ಸಣ್ಣ ಎತ್ತರ

ಹತ್ತು ಡಿಗ್ರಿ ಹೆಚ್ಚು ದೂರ ಸರಿದ ಏಪ್ರಿಲ್‌ನ ಬುಧ ಫೆಬ್ರವರಿಯ ಬುಧನಿಗಿಂತ ಎಷ್ಟೋ ಎತ್ತರದಲ್ಲಿ ಕಾಣಬೇಕಲ್ಲವೇ? ಬಹಳಷ್ಟು ವರದಿಗಳು ಜಾರುವುದು ಇಲ್ಲೇ. ಕೋನದೂರವನ್ನು ಅಳೆಯುವುದು ಸೂರ್ಯನಿಂದ. ಕಣ್ಣಿಗೆ ಬೇಕಾದದ್ದು ದಿಗಂತದಿಂದ ಎತ್ತರ. ಎರಡರ ನಡುವೆ ಕ್ರಾಂತಿವೃತ್ತದ ವಾಲಿಕೆ ಇದೆ.

ಗ್ರಹಗಳು ಸಾಗುವ ದಾರಿಯಾದ ಕ್ರಾಂತಿವೃತ್ತ ದಿಗಂತಕ್ಕೆ ನೆಟ್ಟಗೆ ನಿಂತಿದ್ದರೆ 18 ಡಿಗ್ರಿ ಕೋನದೂರ ಪೂರ್ತಿ 18 ಡಿಗ್ರಿ ಎತ್ತರವಾಗುತ್ತದೆ. ಅದು ವಾಲಿ ಮಲಗಿದ್ದರೆ 28 ಡಿಗ್ರಿಯ ಬಹುಪಾಲು ದಿಗಂತದ ಉದ್ದಕ್ಕೆ ಹರಡಿಹೋಗಿ, ಎತ್ತರಕ್ಕೆ ಉಳಿಯುವುದು ಸ್ವಲ್ಪ. ವಾಲಿಕೆಯ ಮಿತಿಗಳನ್ನು ಸುಲಭವಾಗಿ ತೆಗೆಯಬಹುದು: 90ರಿಂದ ಊರಿನ ಅಕ್ಷಾಂಶ ಕಳೆದು, ಅದಕ್ಕೆ ಭೂಮಿಯ ಅಕ್ಷದ ಓರೆಯಾದ 23.4 ಡಿಗ್ರಿಯನ್ನು ಒಮ್ಮೆ ಕೂಡಿಸಿ, ಒಮ್ಮೆ ಕಳೆಯಿರಿ. ಬೆಂಗಳೂರಿನ ಅಕ್ಷಾಂಶ 13. ಬರುವ ಮಿತಿಗಳು 100 ಮತ್ತು 54. ಎಂದರೆ ನೆಟ್ಟಗೆ ನಿಂತ ಸ್ಥಿತಿಯನ್ನೂ ದಾಟಿ ಆ ಕಡೆಗೆ ತುಸು ವಾಲುತ್ತದೆ, ಈ ಕಡೆಗೆ ವಾಲಿದರೂ 54 ಡಿಗ್ರಿಗಿಂತ ಕೆಳಗೆ ಬೀಳುವುದಿಲ್ಲ. ಲಂಡನ್‌ನ ಅಕ್ಷಾಂಶ 51.5. ಅಲ್ಲಿ 62 ಮತ್ತು 15. ಹದಿನೈದು ಡಿಗ್ರಿಗೆ ಇಳಿದ ಕ್ರಾಂತಿವೃತ್ತವೆಂದರೆ ಗ್ರಹಗಳು ಮನೆಗಳ ಮಾಡಿಗೆ ತಾಗಿಕೊಂಡೇ ಸಾಗುತ್ತವೆ.

ಸೂರ್ಯ ದಿಗಂತದಲ್ಲಿರುವ ಕ್ಷಣಕ್ಕೆ ಆ ಎರಡು ತಾರೀಖುಗಳ ಎತ್ತರವನ್ನು ಲೆಕ್ಕ ಹಾಕಿ ನೋಡಿ. ಫೆಬ್ರವರಿ 19ರ ಸಂಜೆ, ಕೋನದೂರ 18.1: ಬೆಂಗಳೂರಿನಲ್ಲಿ ಬುಧನ ಎತ್ತರ ಸುಮಾರು 18 ಡಿಗ್ರಿ, ಲಂಡನ್‌ನಲ್ಲಿ ಸುಮಾರು 16. ಏಪ್ರಿಲ್ 3ರ ಬೆಳಗ್ಗೆ, ಕೋನದೂರ 27.8: ಬೆಂಗಳೂರಿನಲ್ಲಿ ಸುಮಾರು 21, ಲಂಡನ್‌ನಲ್ಲಿ ಬರೀ 5, ಸಿಡ್ನಿಯಲ್ಲಿ 27. ಒಂದೇ ಗ್ರಹ, ಒಂದೇ ದಿನ, ಒಂದೇ ಕೋನದೂರ. ಲಂಡನ್‌ನಲ್ಲಿರುವ ಕನ್ನಡಿಗರಿಗೆ ಏಪ್ರಿಲ್‌ನ ಬುಧ ಇಲ್ಲವೆಂದೇ ಲೆಕ್ಕ. ಸಿಡ್ನಿಯ ಕನ್ನಡಿಗರಿಗೆ ಅದು ವರ್ಷದ ಅತ್ಯುತ್ತಮ ನೋಟ. ನಮಗೆ ಎರಡೂ ಚೆನ್ನಾಗಿಯೇ ಸಿಗುತ್ತವೆ.

ಇದರಲ್ಲಿ ಒಂದು ವಿಚಿತ್ರ ಹೊಂದಾಣಿಕೆಯಿದೆ. ಉತ್ತರಾರ್ಧಗೋಳದಲ್ಲಿ ಕ್ರಾಂತಿವೃತ್ತ ಚೆನ್ನಾಗಿ ಎದ್ದು ನಿಲ್ಲುವುದು ಫೆಬ್ರವರಿ-ಮಾರ್ಚ್‌ನ ಸಂಜೆ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನ ಬೆಳಗ್ಗೆ. ಆದರೆ ಬುಧನ ಕಕ್ಷೆ ತಿರುಗಿಕೊಂಡಿರುವ ರೀತಿಯಿಂದಾಗಿ ಆ ದಿನಗಳ ಗರಿಷ್ಠ ಕೋನದೂರ ಬರುವುದು ಅವನು ಸೂರ್ಯನಿಗೆ ಹತ್ತಿರವಿರುವಾಗ. 18-19 ಡಿಗ್ರಿ ಮೀರುವುದಿಲ್ಲ. 27-28 ಡಿಗ್ರಿಯ ದೊಡ್ಡ ಕೋನದೂರಗಳು ಬರುವುದು ಮಾರ್ಚ್-ಏಪ್ರಿಲ್‌ನ ಬೆಳಗ್ಗೆ ಮತ್ತು ಆಗಸ್ಟ್-ಸೆಪ್ಟೆಂಬರ್‌ನ ಸಂಜೆ, ಕ್ರಾಂತಿವೃತ್ತ ಮಲಗಿರುವಾಗ. ಸಾಲದೆಂಬಂತೆ ಬುಧನ ಕಕ್ಷೆ 7 ಡಿಗ್ರಿ ಓರೆಯಾಗಿದ್ದು, ಆ ದಿನಗಳಲ್ಲಿ ಅವನು ಕ್ರಾಂತಿವೃತ್ತದ ದಕ್ಷಿಣಕ್ಕೆ ಇನ್ನೂ ಎರಡು-ಮೂರು ಡಿಗ್ರಿ ಸರಿದಿರುತ್ತಾನೆ. ಯೂರೋಪಿನ ವೀಕ್ಷಕರಿಗೆ ಬುಧ ಸಿಗದ ಗ್ರಹ ಎನಿಸಿದ್ದಕ್ಕೆ ಮುಖ್ಯ ಕಾರಣ ಇದು. ಅಲ್ಲಿನ ಓದುಗರಿಗಾಗಿ ಬರೆದ ಮಾರ್ಗದರ್ಶಿಯನ್ನು ಹಾಗೇ ಕನ್ನಡಕ್ಕೆ ಇಳಿಸಿ 'ಸೆಪ್ಟೆಂಬರ್‌ನ ಸಂಜೆ ಬುಧನನ್ನು ನೋಡಲಾಗದು' ಎಂದು ಬರೆದರೆ ನಮ್ಮ ಮಕ್ಕಳು ಒಂದು ಒಳ್ಳೆಯ ಅವಕಾಶ ಕಳೆದುಕೊಳ್ಳುತ್ತಾರೆ. ಇಲ್ಲಿ ಆ ಸಂಜೆಗಳನ್ನು ಹಾಳುಮಾಡುವುದು ರೇಖಾಗಣಿತವಲ್ಲ, ಮಳೆಗಾಲದ ಮೋಡ.

ಬೆಳಗ್ಗೆಯ ಶುಕ್ರ, ಸಂಜೆಯ ಶುಕ್ರ

ಬೆಳ್ಳಿ ಮೂಡಿತು ಎಂದು ಹಳ್ಳಿಯಲ್ಲಿ ಹೊತ್ತು ಗೊತ್ತುಮಾಡುತ್ತಿದ್ದ ಶುಕ್ರ ತಿಂಗಳುಗಟ್ಟಲೆ ಕಂಡು, ಆಮೇಲೆ ತಿಂಗಳುಗಟ್ಟಲೆ ಕಾಣೆಯಾಗುತ್ತಾನೆ. ಭೂಮಿಯಿಂದ ನೋಡಿದಾಗ ಅವನ ಒಂದು ಪೂರ್ತಿ ಆವರ್ತನೆಗೆ 584 ದಿನ, ಬುಧನದಕ್ಕೆ 116 ದಿನ. ಆದರೆ ಈ ದಿನಗಳು ನಾಲ್ಕು ಸಮಭಾಗಗಳಾಗಿ ಹಂಚಿಹೋಗುವುದಿಲ್ಲ.

ಗ್ರಹ ಸೂರ್ಯನ ಆಚೆ ಬದಿಯಲ್ಲಿ ಅದೇ ನೇರಕ್ಕೆ ಬರುವುದನ್ನು ಹೊರಯುತಿ ಎನ್ನೋಣ, ನಮಗೂ ಸೂರ್ಯನಿಗೂ ನಡುವೆ ಬರುವುದನ್ನು ಒಳಯುತಿ ಎನ್ನೋಣ. 2026ರ ಜನವರಿ 6ರಂದು ಶುಕ್ರನ ಹೊರಯುತಿ. ಅಲ್ಲಿಂದ ಆಗಸ್ಟ್ 15ರ ಗರಿಷ್ಠ ಕೋನದೂರಕ್ಕೆ, ಎಂದರೆ 45.9 ಡಿಗ್ರಿಗೆ ಏರಲು 221 ದಿನ. ಅಲ್ಲಿಂದ ಅಕ್ಟೋಬರ್ 24ರ ಒಳಯುತಿಗೆ ಇಳಿಯಲು 70 ದಿನ ಮಾತ್ರ. ಮತ್ತೆ ಬೆಳಗಿನ ಆಕಾಶದಲ್ಲಿ ಏರಿ 2027ರ ಜನವರಿ 3ಕ್ಕೆ ಇನ್ನೊಂದು ತುದಿ ಮುಟ್ಟಲು 71 ದಿನ. ಸ್ಪರ್ಶಬಿಂದುಗಳು ಕಕ್ಷೆಯ ನಟ್ಟನಡುವೆ ಇಲ್ಲ, ನಮ್ಮ ಕಡೆಗೆ ಬಾಗಿವೆ. ಹೀಗಾಗಿ ಆಚೆಯ ಬಿಲ್ಲು ಉದ್ದ, ಈಚೆಯದು ಗಿಡ್ಡ. ಸಂಜೆಯ ಶುಕ್ರ ನಿಧಾನವಾಗಿ ಏರಿ ಅವಸರದಲ್ಲಿ ಬೀಳುವುದು, ಬೆಳಗಿನ ಶುಕ್ರ ಅವಸರದಲ್ಲಿ ಎದ್ದು ನಿಧಾನವಾಗಿ ಇಳಿಯುವುದು ಇದರಿಂದಲೇ. ಬುಧನಲ್ಲೂ ಇದೇ ನಡೆ, ಸರಾಸರಿ 36 ಮತ್ತು 22 ದಿನಗಳ ಅಳತೆಯಲ್ಲಿ.

ಐದು ಆವರ್ತನೆ ಸೇರಿದರೆ ಎಂಟು ವರ್ಷಕ್ಕೆ ಎರಡು ದಿನ ಚಿಲ್ಲರೆ ಕಡಿಮೆ. 2018ರ ಒಳಯುತಿ ಅಕ್ಟೋಬರ್ 26ಕ್ಕೆ, 2026ರದು ಅಕ್ಟೋಬರ್ 24ಕ್ಕೆ. ಹಳೆಯ ಡೈರಿಯಲ್ಲಿ ಶುಕ್ರ ಕಂಡ ದಿನ ಬರೆದಿಟ್ಟಿದ್ದರೆ ಎಂಟು ವರ್ಷ ಕೂಡಿಸಿ, ಎರಡು ದಿನ ಕಳೆಯಿರಿ. ಹೆಚ್ಚುಕಡಿಮೆ ಅದೇ ಜಾಗದಲ್ಲಿ ಸಿಗುತ್ತಾನೆ.

ಹೊಳಪಿನ ವಿಷಯ ಬುಧನನ್ನು ಹುಡುಕುವವರಿಗೆ ಮುಖ್ಯ. ಒಳಗ್ರಹಗಳಿಗೆ ಚಂದ್ರನ ಹಾಗೆ ಬೆಳೆದು ಕರಗುವ ಕಲೆಗಳಿವೆ. ಶುಕ್ರನ ಕಲೆಗಳನ್ನು ಗೆಲಿಲಿಯೊ 1610ರಲ್ಲಿ ದೂರದರ್ಶಕದಲ್ಲಿ ಕಂಡದ್ದೇ ಅದು ಸೂರ್ಯನನ್ನು ಸುತ್ತುತ್ತದೆ ಎನ್ನಲು ಗಟ್ಟಿ ಸಾಕ್ಷಿಯಾಯಿತು. ಶುಕ್ರ ಹತ್ತಿರ ಬಂದಷ್ಟೂ ತೆಳು ಬಿದಿಗೆಯಾದರೂ ಗಾತ್ರ ಎಷ್ಟು ಬೆಳೆಯುತ್ತದೆಂದರೆ, ಒಳಯುತಿಗೆ ಐದು ವಾರ ಮೊದಲು ಮತ್ತು ಐದು ವಾರ ನಂತರ ಅವನು ಅತಿ ಹೆಚ್ಚು ಬೆಳಗುತ್ತಾನೆ. ಬುಧನದು ಇದಕ್ಕೆ ತಿರುಗುಮುರುಗು: ಬಿದಿಗೆಯಾದರೆ ಮಂಕಾಗಿಬಿಡುತ್ತಾನೆ. ಹಾಗಾಗಿ ಸಂಜೆ ನೋಡುವುದಾದರೆ ಗರಿಷ್ಠ ಕೋನದೂರದ ಹಿಂದಿನ ವಾರ ಒಳ್ಳೆಯದು, ಬೆಳಗ್ಗೆಯಾದರೆ ಮುಂದಿನ ವಾರ. ಪ್ರಚಾರವಾದ ತಾರೀಖಿಗೆ ಕಾದು, ಮೋಡ ಬಂತೆಂದು ವಾರದ ನಂತರ ಹೋಗಿ ಸಂಜೆಯ ಬುಧನನ್ನು ಹುಡುಕುವವರು ಅರ್ಧಕ್ಕರ್ಧ ಮಂಕಾದ ಗ್ರಹವನ್ನು ಹುಡುಕುತ್ತಿರುತ್ತಾರೆ.

ಪಂಚಾಂಗದ ಅಸ್ತ, ಜಾತಕದ ಬುಧ

ಶುಕ್ರಾಸ್ತ ಇದೆ, ಮದುವೆ ಮುಹೂರ್ತ ಇಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ಗೊತ್ತಿರುವಂಥದ್ದು. ಆಚರಣೆ ಅವರವರಿಗೆ ಬಿಟ್ಟದ್ದು. ಅದರ ಹಿಂದಿನ ಅಳತೆ ಮಾತ್ರ ಖಗೋಳದ್ದು, ಮತ್ತು ಬಹಳ ಸೂಕ್ಷ್ಮವಾದದ್ದು. ಗ್ರಹ ಸೂರ್ಯನ ಬೆಳಕಿನಲ್ಲಿ ಕಾಣದಾಗುವ ಈ ಅಸ್ತಕ್ಕೆ ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತ ಕೊಡುವ ಮಿತಿ ಶುಕ್ರನಿಗೆ 10, ವಕ್ರಿಯಾಗಿದ್ದಾಗ, ಎಂದರೆ ಹಿಂದಕ್ಕೆ ಚಲಿಸುವಂತೆ ಕಂಡಾಗ, 8. ಬುಧನಿಗೆ 14, ವಕ್ರಿಯಾಗಿದ್ದಾಗ 12. ಇವು ಆಕಾಶದಲ್ಲಿ ನೇರವಾಗಿ ಅಳೆದ ಡಿಗ್ರಿಗಳಲ್ಲ, ಕಾಲಾಂಶಗಳು. ಒಂದು ಕಾಲಾಂಶ ಎಂದರೆ ನಾಲ್ಕು ನಿಮಿಷ. ಶುಕ್ರ ಸೂರ್ಯನ ನಂತರ 40 ನಿಮಿಷದೊಳಗೆ ಮುಳುಗಿದರೆ ಅಸ್ತ ಎಂದರ್ಥ. ಕೋನದೂರ, ಕ್ರಾಂತಿವೃತ್ತದ ವಾಲಿಕೆ, ಊರಿನ ಅಕ್ಷಾಂಶ ಎಲ್ಲವೂ ಆ 40 ನಿಮಿಷದೊಳಗೆ ಅಡಕವಾಗಿವೆ. ಗ್ರಹ ಕಾಣುತ್ತದೋ ಇಲ್ಲವೋ ಎಂದು ಹೇಳಲು ಸೂರ್ಯನಿಂದ ದೂರವನ್ನಷ್ಟೇ ಹೇಳುವ ಇಂದಿನ ಸುದ್ದಿಗಿಂತ ಈ ಅಳತೆ ಎಷ್ಟೋ ಮೇಲು.

ವಕ್ರಿಯಾದಾಗ ಮಿತಿ ಕಡಿಮೆ ಏಕೆ? ವಕ್ರಗತಿ ಬರುವುದು ಒಳಯುತಿಯ ಆಸುಪಾಸಿನಲ್ಲಿ, ಗ್ರಹ ನಮ್ಮನ್ನು ಹಿಂದೆ ಹಾಕಿ ಹೋಗುವಾಗ. ಆಗ ಶುಕ್ರ ನಮಗೆ ಸುಮಾರು 4 ಕೋಟಿ ಕಿಲೋಮೀಟರ್ ಹತ್ತಿರ. ಹೊರಯುತಿಯಲ್ಲಿ ದೂರ ಸುಮಾರು 26 ಕೋಟಿ. ಬಿಂಬ ಆರು ಪಟ್ಟು ಅಗಲ, ಆದ್ದರಿಂದ ಸೂರ್ಯನಿಗೆ ಇನ್ನೂ ಹತ್ತಿರವಿದ್ದರೂ ಕಾಣುತ್ತದೆ. ಅಸ್ತದ ದಿನಗಳಲ್ಲೂ ಇದೇ ಅಂತರ. ಒಳಯುತಿಯಲ್ಲಿ ಶುಕ್ರ ಸೂರ್ಯನನ್ನು ದಿನಕ್ಕೆ ಒಂದೂವರೆ ಡಿಗ್ರಿಗಿಂತ ಹೆಚ್ಚು ವೇಗದಲ್ಲಿ ದಾಟುತ್ತಾನೆ, ಹೊರಯುತಿಯಲ್ಲಿ ಕಾಲು ಡಿಗ್ರಿಯಂತೆ ತೆವಳುತ್ತಾನೆ. ಹಾಗಾಗಿ 2026ರ ದಸರಾ ಮತ್ತು ದೀಪಾವಳಿ ನಡುವಿನ ಅಸ್ತ ದಿನಗಳ ಲೆಕ್ಕದ್ದು, ವರ್ಷದ ಆರಂಭದ ಅಸ್ತ ವಾರಗಳ ಲೆಕ್ಕದ್ದು. ಇಂದಿನ ಖಗೋಳ ಲೆಕ್ಕವನ್ನು ಅನುಸರಿಸುವ ದೃಗ್ಗಣಿತ ಪಂಚಾಂಗಕ್ಕೂ ಹಳೆಯ ಸಿದ್ಧಾಂತದ ಪಂಚಾಂಗಕ್ಕೂ ಅಸ್ತದ ತಾರೀಖಿನಲ್ಲಿ ವ್ಯತ್ಯಾಸ ಕಂಡರೆ ಅದು ಹೊರಯುತಿಯಲ್ಲಿ ಹೆಚ್ಚಿರುವುದೂ ಸಹಜ: ತೆವಳುವ ಗ್ರಹದ ಸ್ಥಾನದಲ್ಲಿ ಒಂದು ಡಿಗ್ರಿ ವ್ಯತ್ಯಾಸವಾದರೆ ತಾರೀಖು ನಾಲ್ಕು ದಿನ ಸರಿಯುತ್ತದೆ.

'ಬುಧ ವಕ್ರಿ' ಎಂದು ಹೆದರಿಸುವ ವಿಡಿಯೊಗಳಿಗೂ ಉತ್ತರ ಇಲ್ಲೇ ಇದೆ. 116 ದಿನಕ್ಕೊಂದು ಒಳಯುತಿ, ಪ್ರತಿ ಒಳಯುತಿಗೂ ಸುಮಾರು ಮೂರು ವಾರದ ವಕ್ರಗತಿ. ವರ್ಷಕ್ಕೆ ಮೂರು ಸಲ, ಒಮ್ಮೊಮ್ಮೆ ನಾಲ್ಕು ಸಲ ತಪ್ಪದೆ ಬರುವಂಥದ್ದು ಅಪರೂಪದ ಘಟನೆಯಲ್ಲ.

ಜಾತಕ ಪರಿಶೀಲಿಸುವವರಿಗೂ ಈ ಮಿತಿಗಳು ಉಪಯೋಗಕ್ಕೆ ಬರುತ್ತವೆ. ಒಂದು ರಾಶಿ 30 ಡಿಗ್ರಿ, ಬುಧನ ಮಿತಿ 28. ಆದ್ದರಿಂದ ಬುಧ ಸೂರ್ಯನಿರುವ ರಾಶಿಯಲ್ಲಿ ಅಥವಾ ಅದರ ಪಕ್ಕದ ರಾಶಿಯಲ್ಲಿ ಮಾತ್ರ ಇರಬಲ್ಲ. ಶುಕ್ರ ಹೆಚ್ಚೆಂದರೆ ಎರಡು ರಾಶಿ ಆಚೆ. ಸೂರ್ಯ ಮೇಷದಲ್ಲಿದ್ದು ಬುಧ ಮಿಥುನದಲ್ಲಿದ್ದರೆ ಆ ಕುಂಡಲಿಯನ್ನು ಬರೆದವರು ತಪ್ಪಿದ್ದಾರೆ, ಬೇರೆ ಪರೀಕ್ಷೆ ಬೇಕಿಲ್ಲ. ಇನ್ನೊಂದು ಮಾತು. ಒಂದು ಆವರ್ತನೆಯುದ್ದಕ್ಕೂ ಬುಧನ ಕೋನದೂರದ ಸರಾಸರಿ ತೆಗೆದರೆ ಸುಮಾರು 14 ಡಿಗ್ರಿ ಬರುತ್ತದೆ. 30 ಡಿಗ್ರಿಯ ಮನೆಯಲ್ಲಿ 14 ಡಿಗ್ರಿ ಅಂತರದ ಇಬ್ಬರು ಒಟ್ಟಿಗೆ ಬೀಳುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು. ಬುಧಾದಿತ್ಯ ಯೋಗ ಎಂದು ವಿಶೇಷವಾಗಿ ಹೇಳುವ ಜೋಡಿ ಹೆಚ್ಚುಕಡಿಮೆ ಎರಡು ಜಾತಕಗಳಲ್ಲಿ ಒಂದರಲ್ಲಿ ಇದ್ದೇ ಇರುತ್ತದೆ.

ನೋಡುವುದು ಹೇಗೆ

ಮೊದಲು ಜಾಗ. ಸಂಜೆಗೆ ಪಶ್ಚಿಮ, ಬೆಳಗ್ಗೆಗೆ ಪೂರ್ವ, ದಿಗಂತದಿಂದ 5 ಡಿಗ್ರಿಗಿಂತ ಮೇಲೆ ತೆರೆದಿರಬೇಕು. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ; ಎದುರಿನ ಕಟ್ಟಡ ಅಥವಾ ಮರ ಅರ್ಧ ಮುಷ್ಟಿಗಿಂತ ಎತ್ತರವಿದ್ದರೆ ಜಾಗ ಬದಲಿಸಿ. ಮಲೆನಾಡಿನ ಕಣಿವೆಗಳಲ್ಲಿ ಇದು ಆಗದ ಮಾತು. ಬಯಲುಸೀಮೆಯ ಹೊಲ, ಕೆರೆ ಏರಿ, ಮಲ್ಪೆ-ಕಾರವಾರದಂಥ ಕಡಲತೀರ ಸರಿ.

ಆಮೇಲೆ ಹೊತ್ತು. ನಮ್ಮ ಅಕ್ಷಾಂಶದಲ್ಲಿ ಗ್ರಹ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಇಳಿಯುತ್ತದೆ. ಸೂರ್ಯಾಸ್ತಕ್ಕೆ 18 ಡಿಗ್ರಿ ಎತ್ತರವಿದ್ದ ಬುಧ ಮುಳುಗಲು 70 ನಿಮಿಷದ ಮೇಲೆ ಸಮಯವಿದೆ. ಆದರೆ ಮೊದಲ 30 ನಿಮಿಷ ಆಕಾಶ ತೀರ ಬೆಳ್ಳಗಿರುತ್ತದೆ, ಕೊನೆಯ 20 ನಿಮಿಷ ದಿಗಂತದ ಧೂಳು, ಮಂಜು ನುಂಗಿಬಿಡುತ್ತವೆ. ಉಳಿಯುವುದು ಸೂರ್ಯಾಸ್ತದ ನಂತರದ 30ರಿಂದ 50 ನಿಮಿಷ. ಆಗ ಬುಧ ಒಂದು ಮುಷ್ಟಿಯಷ್ಟು ಎತ್ತರದಲ್ಲಿ ಶುರುವಾಗಿ ಅರ್ಧ ಮುಷ್ಟಿಗೆ ಇಳಿಯುತ್ತಾನೆ. ಬೆಳಗ್ಗೆ ಇದೇ ಲೆಕ್ಕ ತಿರುಗುಮುರುಗು.

ದಿಕ್ಕು ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಫೆಬ್ರವರಿಯ ಸಂಜೆ ಸೂರ್ಯ ಮುಳುಗಿದ ಜಾಗದ ಹೆಚ್ಚುಕಡಿಮೆ ನೇರ ಮೇಲಕ್ಕೆ ನೋಡಿ. 2026ರ ಅಕ್ಟೋಬರ್ 12ರ ಸಂಜೆ ಬುಧನ ಕೋನದೂರ 25.2 ಡಿಗ್ರಿ, ಆದರೆ ಕ್ರಾಂತಿವೃತ್ತ ದಕ್ಷಿಣಕ್ಕೆ ವಾಲಿರುವುದರಿಂದ ಮುಳುಗಿದ ಜಾಗದಿಂದ ಒಂದೂವರೆ ಮುಷ್ಟಿ ಎಡಕ್ಕೆ ಸರಿದು ಹುಡುಕಬೇಕು. ಏಪ್ರಿಲ್‌ನ ಬೆಳಗ್ಗೆಯಾದರೆ ಸೂರ್ಯ ಹುಟ್ಟುವ ಜಾಗದ ಬಲಕ್ಕೆ. ಅಕ್ಟೋಬರ್‌ನ ಆ ದಿನಗಳಲ್ಲಿ ಒಳಯುತಿಗೆ ಇಳಿಯುತ್ತಿರುವ ಶುಕ್ರನೂ ಪಶ್ಚಿಮದಲ್ಲೇ ತಗ್ಗಿನಲ್ಲಿರುತ್ತಾನೆ. ಥಳಥಳ ಹೊಳೆಯುವುದು ಶುಕ್ರ, ಮಂಕಾದದ್ದು ಬುಧ. ಇಬ್ಬರನ್ನೂ ಅದಲುಬದಲು ಮಾಡಿಕೊಳ್ಳುವುದು ತುಂಬ ಸಾಮಾನ್ಯ.

ಆ್ಯಪ್‌ಗಳಲ್ಲಿ 'ಕಾಣುತ್ತದೆ' ಎಂದಿದ್ದರೆ ಗ್ರಹ ದಿಗಂತದ ಮೇಲಿದೆ ಎಂದಷ್ಟೇ ಅರ್ಥ, ಆಕಾಶ ಕತ್ತಲಾಗಿದೆ ಎಂದಲ್ಲ. ಆಕಾಶದ ನಕ್ಷೆ ತೋರಿಸುವ ಸ್ಟೆಲ್ಲೇರಿಯಂ ಆ್ಯಪ್‌ನಲ್ಲಿ ನಿಮ್ಮ ಊರು ಮತ್ತು ತಾರೀಖು ಹಾಕಿ, ಸೂರ್ಯ ದಿಗಂತದಿಂದ 8 ಡಿಗ್ರಿ ಕೆಳಗಿರುವ ಹೊತ್ತಿಗೆ ಗಡಿಯಾರ ನಿಲ್ಲಿಸಿ, ಬುಧನ ಎತ್ತರ ಓದಿಕೊಳ್ಳಿ. ಅದು 7 ಡಿಗ್ರಿಗಿಂತ ಹೆಚ್ಚಿದ್ದರೆ ಹೊರಡಿ. ಬೈನಾಕ್ಯುಲರ್ ಬಹಳ ಸಹಾಯ ಮಾಡುತ್ತದೆ, ಆದರೆ ಸಂಜೆ ಸೂರ್ಯ ಪೂರ್ತಿ ಮುಳುಗುವ ಮೊದಲು ಅದನ್ನು ಕಣ್ಣಿಗೆ ಎತ್ತಬಾರದು. ಬೆಳಗ್ಗೆ ಅಪಾಯ ಇನ್ನೂ ಹೆಚ್ಚು: ಹುಡುಕುತ್ತಿರುವಾಗಲೇ ಸೂರ್ಯ ಮೇಲೆ ಬರುತ್ತಾನೆ. ಸೂರ್ಯೋದಯಕ್ಕೆ ಹತ್ತು ನಿಮಿಷ ಇರುವಾಗಲೇ ಅಲಾರಂ ಇಟ್ಟುಕೊಂಡು ಬೈನಾಕ್ಯುಲರ್ ಚೀಲಕ್ಕೆ ಸೇರಿಸಿ.

ಒಳಯುತಿಯಲ್ಲಿ ಗ್ರಹ ಸೂರ್ಯಬಿಂಬದ ಮೇಲೆಯೇ ಹಾದುಹೋಗುವ ಸಂಕ್ರಮ ಅಪರೂಪ. ಕಕ್ಷೆಯ ಓರೆಯಿಂದಾಗಿ ಹೆಚ್ಚಿನ ಸಲ ಗ್ರಹ ಸೂರ್ಯನ ಮೇಲೋ ಕೆಳಗೋ ತಪ್ಪಿಸಿಕೊಳ್ಳುತ್ತದೆ. 2025ರ ಮಾರ್ಚ್‌ನಲ್ಲಿ ಶುಕ್ರ 8 ಡಿಗ್ರಿಗಿಂತ ಹೆಚ್ಚು ಉತ್ತರಕ್ಕೆ ಹಾದುಹೋದ. ಶುಕ್ರ ಸಂಕ್ರಮ 2004 ಮತ್ತು 2012ರಲ್ಲಿ ಆಗಿಹೋಯಿತು, ಮುಂದಿನದು 2117ಕ್ಕೆ. ಬುಧನದು 2032ರ ನವೆಂಬರ್ 13ಕ್ಕೆ ಇದೆ, ಅದು ಭಾರತದಲ್ಲಿ ಹಗಲಿನಲ್ಲೇ ನಡೆಯುತ್ತದೆ: ಮಧ್ಯಾಹ್ನ 12 ದಾಟಿದ ಮೇಲೆ ಶುರುವಾಗಿ ನಾಲ್ಕೂವರೆ ಸುಮಾರಿಗೆ ಮುಗಿಯುತ್ತದೆ. ಆಗ ಬುಧನ ಬಿಂಬ ಸೂರ್ಯನ ಅಗಲದ ಇನ್ನೂರರಲ್ಲಿ ಒಂದು ಪಾಲಿನಷ್ಟೇ ಇರುವುದರಿಂದ ಗ್ರಹಣದ ಕನ್ನಡಕದಲ್ಲಿ ಏನೂ ತಿಳಿಯದು. ಮುಂಭಾಗಕ್ಕೆ ಸೌರ ಫಿಲ್ಟರ್ ಹಾಕಿದ ದೂರದರ್ಶಕ, 50 ಪಟ್ಟಿಗಿಂತ ಕಡಿಮೆಯಿಲ್ಲದ ವರ್ಧನೆ ಬೇಕು. ಅದಿಲ್ಲದವರು ದೂರದರ್ಶಕದಿಂದ ಬಿಳಿ ಹಲಗೆಯ ಮೇಲೆ ಸೂರ್ಯಬಿಂಬ ಬೀಳಿಸಿದರೆ, ಬಿಂಬವನ್ನು 20 ಸೆಂಟಿಮೀಟರ್ ಅಗಲಕ್ಕೆ ಹಿಗ್ಗಿಸಿದಾಗ ಬುಧ ಒಂದು ಮಿಲಿಮೀಟರ್‌ನ ಕಪ್ಪು ಚುಕ್ಕೆಯಾಗಿ ಬೀಳುತ್ತಾನೆ.